ಗೂಟಮೀಮಾಂಸೆ

ನಮ್ಮ ಹಿತ್ತಲಿನ ಬಚ್ಚಲೊಲೆಯ ಪಕ್ಕ, ಸೌದೆಯ ನಡುವೆ ಸೌದೆಯಂತೆಯೇ ಒರಗಿರುವ ಒಂದೂವರೆ ಗೇಣಿನ ಕೋಲೊಂದು ಇದುವರೆಗೆ ಯಾವ ವಿದ್ವಾಂಸರ ಕಣ್ಣಿಗೂ ಬಿದ್ದಿಲ್ಲ. ಬಿದ್ದಿದ್ದರೆ ಒಲೆಗೆ ಹಾಕಿರುತ್ತಿದ್ದರು. ಮುರಿದ ಗುದ್ದಲಿಯ ಕಾವಿನ ತುಂಡು ಅದು. ಒಂದು ತುದಿ ಅಂಗೈಗೆ ಸವೆದು ನುಣುಪಾಗಿದೆ, ಇನ್ನೊಂದನ್ನು ಮಚ್ಚಿನಲ್ಲಿ ಹೆರೆದಿದೆ. ಬದನೆ, ಮೆಣಸಿನ ಸಸಿ ನೆಡಲು ಅಮ್ಮ ಅದರಿಂದ ಗುಳಿ ಹಾಕುತ್ತಾಳೆ. ಇದರ ಶಾಸ್ತ್ರೀಯ ನಾಮಧೇಯವೇನೆಂದು ಕ್ಷೇತ್ರಕಾರ್ಯದ ಮೊದಲ ದಿನವೇ ವಿಚಾರಿಸಿದೆ. “ಕೋಲು” ಎಂದಳು. ಪ್ರಾದೇಶಿಕ ಪಾಠಾಂತರಗಳುಂಟೇ ಎಂದೆ. “ಸಸಿ ಬಾಡ್ತಿದೆ, ಇಲ್ಲಿ ಕೊಡೋ” ಎಂದಳು.

ಹೀಗಾಗಿ ವ್ಯುತ್ಪತ್ತಿಯ ಭಾರ ನನ್ನ ಮೇಲೇ ಬಿತ್ತು. ಅಷ್ಟಾಧ್ಯಾಯಿಯ 3.2.184ನೆಯ ಸೂತ್ರದಲ್ಲಿ ಪಾಣಿನಿ ‘ಇತ್ರ’ ಪ್ರತ್ಯಯ ಹತ್ತುವ 7 ಧಾತುಗಳನ್ನು ಹೇಳುತ್ತಾನೆ. ಅಗೆಯುವ ‘ಖನ್’ಗೆ ಹತ್ತಿದರೆ ಖನಿತ್ರ, ನಡೆಯುವ ‘ಚರ್’ಗೆ ಹತ್ತಿದರೆ ಚರಿತ್ರ. ಅಂದಮೇಲೆ ಚರಿತ್ರೆಯೂ ನಮ್ಮ ಕೋಲೂ ಒಂದೇ ಸೂತ್ರದ ಮಕ್ಕಳು. ಚರಿತ್ರೆಕಾರರು ಇಷ್ಟು ಹತ್ತಿರದ ನಂಟನನ್ನು ಕಡೆಗಣಿಸಿರುವುದಕ್ಕೆ ದಾಯಾದಿ ಮತ್ಸರವಲ್ಲದೆ ಬೇರೆ ಕಾರಣ ತೋರದು. ಋಗ್ವೇದದಲ್ಲಿ ಅಗಸ್ತ್ಯರೂ ಖನಿತ್ರ ಹಿಡಿದು ಅಗೆದಿದ್ದಾರೆ. ನೆಟ್ಟದ್ದು ಬದನೆಯೇ ಎಂದು ನಾನು ಹಟ ಹಿಡಿಯುವುದಿಲ್ಲ.

ಅಸಲು ತೊಡಕು ಮುಂದಿದೆ. ಕುಂಬಾರನ ಚಕ್ರ ಮಡಕೆ ಮಾಡುತ್ತದೆ, ಮಗ್ಗ ಸೀರೆ ಮಾಡುತ್ತದೆ. ಈ ಕೋಲು ಮಾಡುವುದೇನು? ತೂತು, ಎಂದರೆ, ಏನೂ ಇಲ್ಲದ್ದು. ಪುಣ್ಯಕ್ಕೆ ನಮ್ಮ ವೈಶೇಷಿಕರು ‘ಇಲ್ಲ’ವನ್ನೂ ಬಿಡದೆ ಅಭಾವವೆಂಬ ಏಳನೆಯ ಪದಾರ್ಥವಾಗಿ ಎಣಿಸಿಟ್ಟಿದ್ದಾರೆ. ಹುಟ್ಟುವ ಮುಂಚಿನ ಇಲ್ಲ ಪ್ರಾಗಭಾವ, ಹಾಳಾದ ಮೇಲಿನ ಇಲ್ಲ ಪ್ರಧ್ವಂಸಾಭಾವ. ಅಮ್ಮ ಹಾಕಿದ ಗುಳಿ ಬದನೆಯ ಪ್ರಾಗಭಾವ. ಪಕ್ಕದ ಮನೆಯ ಕೋಳಿ ಸಸಿ ಕೆದರಿಹೋದ ಮೇಲೆ ಅದೇ ಗುಳಿ ಪ್ರಧ್ವಂಸಾಭಾವ. ಕಣ್ಣಿಗೆ ಎರಡೂ ಒಂದೇ. ಅಮ್ಮನ ಬಾಯಿಂದ ಹೊರಡುವ ಮಾತಿನಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಬೆರಳಿರುವಾಗ ಕೋಲೇಕೆ ಎಂಬ ಪೂರ್ವಪಕ್ಷವನ್ನು ಸ್ವತಃ ಪ್ರಯೋಗದಿಂದ ಪರೀಕ್ಷಿಸಿದೆ. ಮೂರನೆಯ ಗುಳಿಯಲ್ಲಿ ಬೆಣಚುಕಲ್ಲು ಸಿಕ್ಕಿತು. ಪ್ರಬಂಧದ ಇಲ್ಲಿಂದ ಮುಂದಿನ ಭಾಗ ಎಡಗೈ ಬರಹ.

ಮೊನೆಯ ವಿಷಯದಲ್ಲಿ ನಾನು ಚೂಪುವಾದಿಯಾಗಿದ್ದೆ; ಸೂಜಿಯಂತಿದ್ದರೆ ಸಲೀಸಾಗಿ ಇಳಿಯುತ್ತದಲ್ಲ! ಅಮ್ಮ ಮೊಂಡುವಾದಿ. ಚೂಪು ಗುಳಿಯ ತಳಕ್ಕೆ ಬೇರು ಮುಟ್ಟದೆ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ, ಆ ಗಾಳಿಯಲ್ಲಿ ಬೇರು ಒಣಗುತ್ತದೆ. ಎರೆಮಣ್ಣು ಹಸಿಯಿದ್ದಾಗ ಚುಚ್ಚಿದರೆ ಗುಳಿಯ ಗೋಡೆ ಮಡಕೆಯ ಒಳಮೈಯಂತೆ ಮೆತ್ತಿಕೊಂಡು ಬೇರಿಗೆ ದಾರಿ ಬಿಡದು. ಸಸಿ ಇಳಿಸಿದ ಮೇಲೆ ಅವಳು ಪಕ್ಕದಲ್ಲೇ ಕೋಲನ್ನು ಓರೆಯಾಗಿ ಇನ್ನೊಮ್ಮೆ ಚುಚ್ಚಿ, ಮಣ್ಣನ್ನು ಬೇರಿನ ಕಡೆಗೆ ಒತ್ತುತ್ತಾಳೆ. ಆಮೇಲೆ ಎಲೆಯೊಂದನ್ನು ಮೆಲ್ಲಗೆ ಜಗ್ಗುತ್ತಾಳೆ. ಎಲೆ ಹರಿದರೆ ಪಾಸು, ಸಸಿ ಬಂದರೆ ಫೇಲು. ವಿಶ್ವವಿದ್ಯಾಲಯಗಳು ಗಮನಿಸಬೇಕು.

ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ 18ನೆಯ ಶತಮಾನದ ಕೊನೆಯ ಹೊತ್ತಿಗೆ ಗೋಧಿಯನ್ನೇ ಹೀಗೆ ಹಾಕುತ್ತಿದ್ದರು. ಆಳು ಎರಡು ಕೈಯಲ್ಲೂ ಕಬ್ಬಿಣದ ಗೂಟ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತ ಗುಳಿ ಹೊಡೆಯುವನು. ಹೆಂಗಸರು ಮಕ್ಕಳು ಎದುರಿನಿಂದ ಕಾಳು ಉದುರಿಸುತ್ತ ಬರುವರು. ಹಿಮ್ಮುಖ ನಡೆದೂ ಮುಂದುವರಿದ ದೇಶ! ನಮ್ಮ ಹಾವೇರಿ ಕಡೆ ಅಡ್ಡ-ಉದ್ದ ಸಾಲು ಹೊಡೆದು, ಸಾಲು ಕೂಡುವಲ್ಲಿ ಗೊಬ್ಬರದ ಜೊತೆ ಪೈರು ಊರುವ ಬೆಳೆಗೆ ‘ಗುಳಿ ರಾಗಿ’ ಎನ್ನುತ್ತಾರೆ. ಏನೂ ಇಲ್ಲದ ಗುಳಿಗೆ ಹೆಸರು ದಕ್ಕಿತು, ಕೋಲಿಗಿಲ್ಲ.

ಆ ಕೊರತೆ ನೀಗಿಸಲೆಂದೇ ನನ್ನ ಸಿದ್ಧಾಂತ. ಕನ್ನಡದ ಗೂಟಗಳೆಲ್ಲ ಊರಿದಲ್ಲೇ ಇರುವಂಥವು. ದನದ ಗೂಟ ಹಾಗೆ. ಗೂಟದ ಕಾರಿನವರೂ, ಗೂಟ ಹೊಡೆದುಕೊಂಡು ಕೂತ ಅಧ್ಯಕ್ಷರೂ ಹಾಗೆಯೇ. ಊರಿದ ಮರುಗಳಿಗೆ ಎದ್ದು, ಜಾಗವನ್ನು ಇನ್ನೊಬ್ಬರಿಗೆ ಬಿಟ್ಟು ಹೋಗುವ ಗೂಟ ಇದೊಂದೇ. ಆದ್ದರಿಂದ ಉಳಿದವು ಸ್ಥಾವರ ಗೂಟ, ಇದು ಜಂಗಮ ಗೂಟ.

ಉಪಸಂಹಾರಕ್ಕೆ ಮೊದಲು ಸುತ್ತಳತೆ ದಾಖಲಿಸೋಣವೆಂದು ಟೇಪು ಹಿಡಿದು ಹಿತ್ತಲಿಗೆ ಹೋದೆ. ಸೌದೆಯಲ್ಲಿ ಕೋಲಿರಲಿಲ್ಲ. ವಾಲಿದ್ದ ಬದನೆ ಗಿಡಕ್ಕೆ ಊರುಗೋಲಾಗಿ ನಿಂತಿತ್ತು, ಹಳೆ ಸೀರೆಯ ಅಂಚಿನಿಂದ ಬಿಗಿಸಿಕೊಂಡು, ಅಪ್ಪಟ ಸ್ಥಾವರವಾಗಿ. ಅಮ್ಮ ಆಚೆ ಪಾತಿಯಲ್ಲಿ ಕೂತು ಹುರುಳಿಕಾಯಿ ಬೀಜಕ್ಕೆ ನನ್ನ ಪೆನ್ನಿನಿಂದ ಗುಳಿ ಹಾಕುತ್ತಿದ್ದಳು.