ಅಪ್ಪನ ಶಾಸನ

ರಾಯಚೂರು ಜಿಲ್ಲೆಯ ಚಂದ್ರಬಂಡದ ಕಡೆ ಎಪ್ಪತ್ತು ದಾಟಿದ ಅಪ್ಪನ ಉಪದೇಶಕ್ಕೆ ಮುಹೂರ್ತ ಬೇಕಿಲ್ಲ. ಮಗ ಚಪ್ಪಲಿ ಮೆಟ್ಟಿದರೆ ಸಾಕು. "ತಲಿಮ್ಯಾಲ ಟವೆಲ್ ಹಾಕ್ಕೊ, ನೀರು ಕುಡದು ಹೋಗು." ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಇದನ್ನು ಹವಾಮಾನ ಇಲಾಖೆಯ ಪ್ರಕಟಣೆ ಎನ್ನುವುದೇ ಸರಿ.

ಎರಡನೆಯ ಪಾಠ ಸಂವಿಧಾನದ್ದು. "ನೌಕರಿ ಆಮ್ಯಾಲ ನೋಡೂಣು, ಮೊದಲ 371ಜೆ ಸರ್ಟಿಫಿಕೇಟ್ ತಗಸು!" 2012ರ 98ನೇ ತಿದ್ದುಪಡಿ ತಂದ ಈ ವಿಧಿಯಿಂದ ಆಗಿನ ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯ ದಾರಿ ತೆರೆಯಿತು. ಉಳಿದ ವಿಧಿಗಳು ವಕೀಲರಿಗಿರಲಿ, ಇದೊಂದು ಅಪ್ಪನಿಗೆ ಬಾಯಿಪಾಠ. ನೀನೇಕೆ ಶಾಲೆ ಬಿಟ್ಟೆ ಎಂದು ಕೇಳಿದರೆ ಮಾತ್ರ ದನ, ಹೊಲ, ಮಳೆ ಎಲ್ಲವೂ ಸಾಕ್ಷಿಗೆ ಬರುತ್ತವೆ.

ಉಪದೇಶ ಈ ಜಿಲ್ಲೆಗೆ ಹೊಸದೇನಲ್ಲ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ಇಲ್ಲಿಯ ಮಸ್ಕಿಯಲ್ಲೇ. ಧರ್ಮದಲ್ಲಿ ನಡೆದರೆ ಸಣ್ಣವನೂ ದೊಡ್ಡದನ್ನು ಪಡೆಯಬಲ್ಲ ಎನ್ನುತ್ತದೆ ಅದು. ತಂದೆತಾಯಿಯ ಮಾತು ಕೇಳಿರೆಂಬ ಆಜ್ಞೆ ಇರುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ. ಮಸ್ಕಿಯಲ್ಲಿ ಇಲ್ಲದ ಆ ಸಾಲನ್ನು ಈ ಭಾಗದ ಅಪ್ಪಂದಿರು ದಿನವೂ ಬಾಯಿಂದಲೇ ತುಂಬಿಕೊಡುತ್ತಿದ್ದಾರೆ!

ಚಕ್ರವರ್ತಿಗೂ ಹೊಳೆಯದ ವಿಷಯ ಮೊಬೈಲು. ಹಗಲೆಲ್ಲ "ಅದನ್ನ ಕೆಳಗಿಡು" ಎಂದು ಗದರುವ ಅಪ್ಪ, ಸಂಜೆ ಹತ್ತಿ ಧಾರಣೆ ನೋಡಲು ಮೊಮ್ಮಗನ ಪಕ್ಕ ಜರುಗಿ ಕೂರುತ್ತಾನೆ.

"ಅಜ್ಜಾ, ಒತ್ತಬ್ಯಾಡ, ಮೆಲ್ಲಕ ಮುಟ್ಟು."

ಅಜ್ಜ ತುಟಿಪಿಟಕ್ಕೆನ್ನದೆ ಕೇಳುತ್ತಾನೆ. ಹೇಗೂ ಕೇಳುವ ಹದದಲ್ಲಿರುವಾಗಲೇ, ಓಟಿಪಿ ಯಾರಿಗೂ ಹೇಳಬಾರದೆಂಬುದನ್ನೂ ನಿಮ್ಮ ಮನೆಯ ಹಿರಿಯರ ಕಿವಿಗೆ ಹಾಕಿಬಿಡಿ.