ಮೇ 31ರ ಮಾರನೆಯ ದಿನ

ಸರ್ಕಾರಿ ನೌಕರರಲ್ಲಿ ಜೂನ್ 1ರಂದು ಹುಟ್ಟಿದವರೇ ಯಾಕಿಷ್ಟು ಎಂದರೆ, ಆ ತಾರೀಖು ಹೆತ್ತದ್ದು ತಾಯಿಯಲ್ಲ, ಹೆಡ್‌ಮೇಷ್ಟ್ರು. ಮಹಾಲಕ್ಷ್ಮಿ ಲೇಔಟಿನ ನಮ್ಮ ಬೀದಿಯ ಸೂಪರಿಂಟೆಂಡೆಂಟರು ನಿಜವಾಗಿ ಹುಟ್ಟಿದ್ದು ದೀಪಾವಳಿಯ ಆಸುಪಾಸಿಗಂತೆ. ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿಗೆ ಗೀಚಿದ ಜೂನ್ 1 ಅಷ್ಟು ವರ್ಷ ಹೊಂಚುಹಾಕಿ, ಅರವತ್ತು ತುಂಬುತ್ತಲೇ ಮೇ 31ರ ಸಂಜೆ ಅವರನ್ನು ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಸಮೇತ ಮನೆಗೆ ತಂದು ಇಳಿಸಿತು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಕಾಲು ತಾನಾಗಿ ಮೆಟ್ರೋ ಕಡೆ ನಡೆಯಿತು. ಮೆಜೆಸ್ಟಿಕ್ಕಿನಲ್ಲಿ ನೇರಳೆ ರೈಲಿಗೆ ಬದಲಾಯಿಸಿ ಎಂ.ಎಸ್. ಬಿಲ್ಡಿಂಗಿನ ಕಚೇರಿ ಸೇರುವುದು ಕಾಲಿಗೆ ಬಾಯಿಪಾಠ. ನಿಲ್ದಾಣದ ಗೇಟಿನಲ್ಲಿ ನೆನಪಾಯಿತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಗುಡ್ಡದ ಮೇಲಿನ ಆಂಜನೇಯನ ದರ್ಶನಕ್ಕೆ ಹೋದರು. ಚಿರಂಜೀವಿ, ನಿವೃತ್ತಿಯ ಚಿಂತೆಯಿಲ್ಲ. ಕೈಮುಗಿಯುವಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡರು.

ಮೂರನೆಯ ದಿನ ಮನೆಯಲ್ಲೇ ಕಚೇರಿ ತೆರೆಯಿತು. ಹಾಲಿನ ಚೀಟಿ, ಕರೆಂಟ್ ಬಿಲ್ಲು, ಸೊಸೈಟಿ ನೋಟೀಸು ಎಲ್ಲ ಟಪಾಲು. ಎಲ್ಲಕ್ಕೂ ಆವಕ ನಂಬರು. ಸಾರಿಗೆ ಎಷ್ಟು ಬೇಳೆ, ಯಾರ ಮಂಜೂರಾತಿಯ ಮೇರೆಗೆ ಎಂಬ ವಿಚಾರಣೆ. ಕೆಲಸದಾಕೆಗೆ ಹಾಜರಿ ಪುಸ್ತಕ, ಹತ್ತು ನಿಮಿಷ ತಡವಾದರೆ ಕೆಂಪು ಶಾಯಿ. ಅವಳು ಪೊರಕೆ ಕೆಳಗಿಟ್ಟು, "ಅಮ್ಮಾ, ಒಂದೋ ಈ ಬುಕ್ಕು, ಇಲ್ಲ ನಾನು" ಎಂದಳು. ಅದೇ ಬೀದಿಯ ಇನ್ನೂ ನಾಲ್ಕು ಮನೆಗೆ ಹೋಗುವವಳು. ಇಡೀ ಬೀದಿ ನಡುಗಿತು, ನಾನೂ ಸೇರಿ. ಮೂವತ್ತು ವರ್ಷ ಒಂದು ಟಿಪ್ಪಣಿಯೂ ಇಲ್ಲದೆ ಸಂಸಾರ ನಡೆಸಿದ ಸಾಹೇಬರ ಹೆಂಡತಿ ಮಾತಾಡಲಿಲ್ಲ. ಮಾರನೆಯ ದಿನ ಹಾಜರಿ ಪುಸ್ತಕ ಅಲುಗಾಡುತ್ತಿದ್ದ ಫ್ರಿಜ್ಜಿನ ಕಾಲಡಿ ಕಾಯಂ ಆಗಿತ್ತು.

ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರದ ಸರದಿ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ರುಜುವಾತು ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊಮ್ಮಗ ಫೋನು ಹಿಡಿದು, "ತಾತ, ಕಣ್ಣು ಮಿಟುಕಿಸು" ಎಂದ. ಜನ್ಮವಿಡೀ ಬಂದವರಿಗೆ "ದಾಖಲೆ ಸಾಲದು" ಎಂದವರು ಪಟಪಟ ಮಿಟುಕಿಸಿದರು. ಫೋನು ಒಪ್ಪಲಿಲ್ಲ. ಕನ್ನಡಕ ತೆಗೆದು ಮತ್ತೆ ಮಿಟುಕಿಸಿದರು. ನಾಲ್ಕನೆಯ ಸಲಕ್ಕೆ ಬದುಕಿದರು.

ಆ ಖುಷಿಯಲ್ಲಿ ಸೋಫಾದಿಂದಲೇ ಕೂಗಿದರು: "ಲೇ, ಇನ್ನೊಂದು ಲೋಟ ಕಾಫಿ!"

ಅಡುಗೆಮನೆಯಿಂದ ಉತ್ತರ ಬಂತು: "ರೀ, ಬೆಳಗಿನ ಲೋಟ ಇನ್ನೂ ಟೀಪಾಯಿ ಮೇಲೇ ಇದೆ. ಆಕ್ಷೇಪಣೆ ಸರಿಪಡಿಸಿ, ಮರುಮಂಡಿಸಿ."

ಸಾಹೇಬರು ಲೋಟ ಎತ್ತಿಕೊಂಡು ಸಿಂಕಿನ ಕಡೆ ಹೊರಟರು.