ಗಮನಕ್ಕೆ ಬಾರದ ವಿದ್ಯೆ

ಮುಂಬೈಯ ಮುಲುಂಡ್‌ನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ಕೂದಲು ಬೆಳ್ಳಗಾದ ಅಪ್ಪನಿಗೆ ನನ್ನ ಹೊಸ ಕೆಲಸ ವಿವರಿಸುವುದು ಕಷ್ಟವಾಗಲಿಲ್ಲ. "ಇಷ್ಟು ದಿನ ಒಳಗೆ ದೋಸೆ ಹುಯ್ಯುತ್ತಿದ್ದೆ. ಇನ್ನು ಮೇಲೆ ಕಾವಲಿ ಸ್ವಚ್ಛವಿಲ್ಲ ಅಂತ ಬರೆದುಕೊಡುತ್ತೇನೆ" ಎಂದೆ.

"ಸಂಬಳ?"

"ಒಂದೂವರೆ ಪಟ್ಟು."

"ಇದನ್ನು ಮೊದಲೇ ಮಾಡಬಾರದಿತ್ತಾ ಮಾರಾಯ!"

ಹನ್ನೊಂದು ವರ್ಷ ಐರೋಲಿ ಸೇತುವೆ ದಾಟಿ ಸರ್ವರ್‌ಗಳ ಚಾಕರಿ ಮಾಡಿದವನು ನಾನು. ಎಲ್ಲ ಸರಿಯಿದ್ದಾಗ ಸಿಸ್ಟಮ್ ಅಡ್ಮಿನ್ನನ ಹೆಸರು ಯಾರಿಗೂ ಗೊತ್ತಿರುವುದಿಲ್ಲ; ಪ್ರಿಂಟರ್ ಕೈಕೊಟ್ಟರೆ ಇಡೀ ಆಫೀಸಿಗೆ ನೆನಪಾಗುತ್ತದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ತೂತೊಂದನ್ನು ಮುಚ್ಚುವ ಪ್ಯಾಚ್ ಬಿಟ್ಟಿತು. ಎರಡು ತಾಸು ಸರ್ವರ್ ನಿಲ್ಲಿಸುತ್ತೇನೆ ಅಂದೆ. "ಮಾರ್ಚ್ ಎಂಡಿಂಗ್ ರೀ, ತಲೆ ಇದೆಯಾ?" ಅಂದರು ಸಾಹೇಬರು. ಏಪ್ರಿಲ್‌ನಲ್ಲಿ ಆಡಿಟ್ ಅಂದರು. ಮೇ 12ಕ್ಕೆ ಅದೇ ತೂತಿನಿಂದ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿಗೆಲ್ಲ ನುಗ್ಗಿತು. ಪ್ಯಾಚ್ ಹಾಕದವನು ಯಾರೆಂದು ವಿಚಾರಣೆ ನಡೆಸಲು ಮಾತ್ರ ಎರಡು ತಾಸು ಸರಾಗವಾಗಿ ಸಿಕ್ಕಿತು. ಮುಂದಿನ ತಿಂಗಳು ಅಂಥದ್ದೇ ನಾಟ್‌ಪೆಟ್ಯಾ ಬಂದು ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲನ್ನೇ ನಿಲ್ಲಿಸಿದಾಗ ನಮ್ಮವರಿಗೆ ಜ್ಞಾನೋದಯವಾಯಿತು. ಪ್ಯಾಚ್ ಹಾಕಬೇಕೆಂದಲ್ಲ, ಭದ್ರತಾ ವಿಭಾಗವೊಂದು ಬೇಕೆಂದು.

ಆ ವಿಭಾಗಕ್ಕೆ ಹಾರಲು ನಾನು ಕಲಿತದ್ದು ಮುಖ್ಯವಾಗಿ ಭಾಷೆ. ಮರೆತ ಪಾಸ್‌ವರ್ಡ್ ಬದಲಿಸಿಕೊಟ್ಟ ವರ್ಷಗಳು ಬಯೋಡೇಟಾದಲ್ಲಿ 'ಐಡೆಂಟಿಟಿ ಅಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್' ಆದವು. ಶನಿವಾರ ರಾತ್ರಿ ವಡಾಪಾವ್ ತಿನ್ನುತ್ತ ಬ್ಯಾಕಪ್ ಕಾದದ್ದು 'ಸೆಕ್ಯುರಿಟಿ ಆಪರೇಷನ್ಸ್'. ಸಿಐಎಸ್‌ಎಸ್‌ಪಿ ಎಂಬ ಭದ್ರತಾ ಸರ್ಟಿಫಿಕೇಟಿಗೆ 5 ವರ್ಷದ ಅನುಭವ ಬೇಕು. ನನಗೇ ತಿಳಿಯದಂತೆ ಅದರ ಎರಡರಷ್ಟು ಆಗಿಹೋಗಿತ್ತು.

ಈಗ "ಪ್ಯಾಚ್ ಹಾಕಿ" ಎಂದು ಮೇಲ್ ಕಳಿಸುತ್ತೇನೆ. ನನ್ನ ಕುರ್ಚಿಗೆ ಬಂದ ಹುಡುಗ ಎರಡು ತಾಸು ಕೇಳುತ್ತಾನೆ. ಸಾಹೇಬರು ಮಾರ್ಚ್ ಎಂಡಿಂಗ್ ಅನ್ನುತ್ತಾರೆ. ಏನೂ ಬದಲಾಗಿಲ್ಲ, ಮೇಲ್‌ನ ಪ್ರತಿ ನನ್ನ ಹತ್ತಿರ ಇದೆ ಅಷ್ಟೇ.

2022ರ ಏಪ್ರಿಲ್ 28ರ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಆದೇಶದಂತೆ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಡಿಸ್ಕ್ ತುಂಬಿದರೆ ಮೊದಲು ಲಾಗ್ ಅಳಿಸುತ್ತಿದ್ದವನು ನಾನೇ. ಹಾಗಾಗಿ ಅಳಿಸುವವರು ನನ್ನ ಕೈಗೆ ಬೇಗ ಸಿಗುತ್ತಾರೆ. ದಾಳಿಯಾದರೆ, ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕೆಂದೂ ಆ ಆದೇಶದಲ್ಲಿದೆ. ನಮ್ಮಲ್ಲಿ ಮೀಟಿಂಗ್ ನಡೆಯುವುದು ದಾಳಿಯ ಮೇಲಲ್ಲ, 'ಗಮನಕ್ಕೆ' ಎಂಬ ಪದದ ಮೇಲೆ. ಶುಕ್ರವಾರ ಸಂಜೆ ಹುಡುಗ ಕಂಡದ್ದು ಗಮನವೇ? ಅಲ್ಲ, ಅದು ಅನುಮಾನ. ಲೀಗಲ್‌ನವರು ಸೋಮವಾರ ಚಹಾ ಕುಡಿದು ಓದಿದ ಮೇಲೆ ಅದು ಗಮನ.

2024ರ ಜುಲೈ 19. ದಾಳಿ ತಡೆಯಲೆಂದೇ ಹಾಕಿದ್ದ ತಂತ್ರಾಂಶದ ಒಂದು ಅಪ್‌ಡೇಟ್‌ಗೆ ಜಗತ್ತಿನ 85 ಲಕ್ಷ ಕಂಪ್ಯೂಟರ್‌ಗಳು ಪರದೆ ನೀಲಿಯಾಗಿ ನಿಂತುಹೋದವು. ಅದನ್ನು ಕೊಳ್ಳಲು ಶಿಫಾರಸು ಬರೆದವನು ನಾನು. ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಒಂದು ಫೈಲ್ ಅಳಿಸಬೇಕಿತ್ತು. ರಾತ್ರಿ ಎರಡಕ್ಕೆ ಹುಡುಗ ಮೂರನೇ ಮಹಡಿಯಿಂದ ಫೋನ್ ಮಾಡಿದ.

"ಸರ್, ಡಿಸ್ಕ್ ಲಾಕ್ ಆಗಿದೆ. ಬಿಟ್‌ಲಾಕರ್ ಕೀ ಎಲ್ಲಿವೆ?"

"ಸರ್ವರ್‌ನಲ್ಲಿ."

"ಆ ಸರ್ವರೂ ನೀಲಿ ಸರ್."

"ಟಿಕೆಟ್ ಹಾಕಪ್ಪಾ, ಬೆಳಿಗ್ಗೆ ನೋಡೋಣ" ಎಂದು ಮಗ್ಗುಲು ಬದಲಿಸಿದೆ.